ಕಥೆ, ಕವನ ಬರೆದಾಯ್ತು, ಕಳಿಸೋದು ಎಲ್ಲಿಗೆ? ಹುಬ್ಬಳ್ಳಿ–ಧಾರವಾಡ ಕಡೆಯ ಹೊಸ ಬರಹಗಾರರಿಗೆ

“ಸರ್, ಒಂದು ಸಣ್ಣ ಕಥಿ ಬರದೀನ್ರಿ. ಎಲ್ಲಿಗೆ ಕಳಸ್ಬೇಕ್ರಿ? ಪತ್ರಿಕೆಗಳ ಒಂದು ಪಟ್ಟಿ ಕೊಡ್ರಿ.” ಹುಬ್ಬಳ್ಳಿಯಿಂದ, ಗದಗದಿಂದ, ಹಾವೇರಿ ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಇಮೇಲ್ ವಿಳಾಸಗಳ ಪಟ್ಟಿ ಇಲ್ಲ. ಅಂಥ ಪಟ್ಟಿಗಳು ವಾಟ್ಸಾಪ್‌ನಲ್ಲಿ ಬೇಕಾದಷ್ಟು ಓಡಾಡುತ್ತಿವೆ, ಅರ್ಧಕ್ಕರ್ಧ ಹಳೆಯವು. ಸಂಪಾದಕರು ಬದಲಾಗುತ್ತಾರೆ, ಪುರವಣಿಗಳ ಹೆಸರು ಬದಲಾಗುತ್ತದೆ, ಕೆಲವು ಪತ್ರಿಕೆ ನಿಂತೇ ಹೋಗಿರುತ್ತವೆ. ಸರಿಯಾದ ವಿಳಾಸವನ್ನು ನೀವೇ ಹುಡುಕಿಕೊಳ್ಳುವುದು ಹೇಗೆ, ನಿಮ್ಮ ಬರಹಕ್ಕೆ ಒಪ್ಪುವ ಜಾಗ ಯಾವುದು ಎಂದು ಗುರುತಿಸುವುದು ಹೇಗೆ, ಅದನ್ನು ನೋಡೋಣ.

ಬೇಕಾಗುವುದು ಇಷ್ಟೇ. ಬರೆದು ಮುಗಿಸಿ, ಕೆಲವು ದಿನ ಬಿಟ್ಟು ತಿದ್ದಿದ ಒಂದು ಬರಹ. ನಿಮ್ಮ ಹೆಸರಿನ ಒಂದು ಇಮೇಲ್. ಒಂದು ನೋಟ್‌ಬುಕ್. ನಾಲ್ಕಾರು ಪತ್ರಿಕೆ ಕೊಳ್ಳುವಷ್ಟು ದುಡ್ಡು, ಅದಿಲ್ಲದಿದ್ದರೆ ಗ್ರಂಥಾಲಯಕ್ಕೆ ಹೋಗುವಷ್ಟು ಪುರಸೊತ್ತು.

1. ಬರೆದದ್ದು ಏನು, ಎಷ್ಟುದ್ದ ಇದೆ ನೋಡಿ

“ಒಂದು ಬರಹ ಇದೆ” ಎಂದರೆ ಸಂಪಾದಕರಿಗೆ ಏನೂ ಗೊತ್ತಾಗುವುದಿಲ್ಲ. ಅವರ ಬಳಿ ಪ್ರತಿಯೊಂದಕ್ಕೂ ಬೇರೆ ಬೇರೆ ಜಾಗ ಇರುತ್ತದೆ. ಚುಟುಕ ಎಂದರೆ ಪ್ರಾಸ ಇರುವ ನಾಲ್ಕು ಸಾಲಿನ ಪದ್ಯ, ದಿನಕರ ದೇಸಾಯಿಯವರಿಂದ ಮನೆಮಾತಾದದ್ದು. ಹನಿಗವನ ಕೆಲವೇ ಸಾಲಿನ ಕವಿತೆ, ಪ್ರಾಸ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮಿನಿಕಥೆ ಅಥವಾ ನ್ಯಾನೋ ಕಥೆ ಎಂದರೆ ಕೆಲವು ಸಾಲಿನಿಂದ ಒಂದು ಪುಟದೊಳಗೆ ಮುಗಿಯುವ ಕಥೆ. ಲಲಿತ ಪ್ರಬಂಧ ಅಂದರೆ ದಿನದ ಬದುಕಿನ ಯಾವುದೋ ಒಂದು ವಿಷಯ ಹಿಡಿದು ಹಗುರವಾಗಿ ಬರೆದದ್ದು. ನಗು ಜಾಸ್ತಿ ಇದ್ದರೆ ಅದನ್ನೇ ಹರಟೆ ಅನ್ನುತ್ತಾರೆ.

ಆಮೇಲೆ ಪದ ಎಣಿಸಿ. ಗೂಗಲ್ ಡಾಕ್ಸ್ ಅಥವಾ ವರ್ಡ್‌ನಲ್ಲಿ ಹಾಕಿದರೆ ಲೆಕ್ಕ ಸಿಗುತ್ತದೆ. ಕನ್ನಡದಲ್ಲಿ “ಹೋಗಬೇಕಾಗಿತ್ತಂತೆ” ಅನ್ನುವುದು ಒಂದೇ ಪದ. ಹಾಗಾಗಿ ಪುಟ ತುಂಬಿದಂತೆ ಕಂಡರೂ ಲೆಕ್ಕ ಕಡಿಮೆಯೇ ತೋರಿಸುತ್ತದೆ. ಕಣ್ಣಂದಾಜು ನಂಬಬೇಡಿ. 800 ಪದ ಕೇಳಿದ ಕಡೆ 2000 ಪದದ ಕಥೆ ಕಳಿಸಿ “ಬೇಕಾದರೆ ಕಡಿಮೆ ಮಾಡಿಕೊಳ್ಳಿ” ಎಂದು ಬರೆದವರ ಕಥೆ ಅಲ್ಲಿಗೇ ಮುಗಿಯುತ್ತದೆ. ಕಡಿಮೆ ಮಾಡುವುದು ನಿಮ್ಮ ಕೆಲಸ.

ಇನ್ನೂ ಒಂದು ಮಾತು. ಮೊದಲ ಸಲ ಕಳಿಸುವವರು ನೇರ ಕಥೆಯ ಪುಟಕ್ಕೇ ಕೈ ಹಾಕುತ್ತಾರೆ. ವಾರಪತ್ರಿಕೆಯ ಒಂದು ಸಂಚಿಕೆಯಲ್ಲಿ ಕಥೆಗೆ ಸಿಗುವ ಜಾಗ ಬಹಳ ಕಡಿಮೆ. ಅದೇ ಸಂಚಿಕೆಯಲ್ಲಿ ಹನಿಗವನ, ಓದುಗರ ಅನುಭವ, ನಗೆಹನಿ, ಸಣ್ಣ ಹರಟೆಗಳಿಗೆ ಮೂಲೆ ಮೂಲೆಯಲ್ಲಿ ಜಾಗ ಇರುತ್ತದೆ. ಸಣ್ಣದನ್ನು ಬರೆಯಬಲ್ಲವರಿಗೆ ಬಾಗಿಲು ಜಾಸ್ತಿ.

2. ಪತ್ರಿಕೆ ಕೈಯಲ್ಲಿ ಹಿಡಿದು ಓದಿ

ಈ ಹಂತವನ್ನೇ ಎಲ್ಲರೂ ಬಿಡುತ್ತಾರೆ, ಅದಕ್ಕೇ ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ. ಪತ್ರಿಕೆ ಓದದೆ ಬರಹ ಕಳಿಸುವುದು ಗಿರಮಿಟ್ ಗಾಡಿ ಮುಂದೆ ನಿಂತು ಮಸಾಲೆ ದೋಸೆ ಕೇಳಿದ ಹಾಗೆ.

ನಮ್ಮ ಕಡೆ ಪತ್ರಿಕೆಗಳಿಗೆ ಬರಗಾಲ ಇಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಬಸ್ ನಿಲ್ದಾಣಗಳ ಪತ್ರಿಕೆ ಅಂಗಡಿಗಳಲ್ಲಿ ವಾರಪತ್ರಿಕೆ, ಮಾಸಿಕಗಳು ಸಿಗುತ್ತವೆ. ಹಳೆಯ ಸಂಚಿಕೆ ಬೇಕೆಂದರೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಒಂದೇ ಪತ್ರಿಕೆಯ ಮೂರು ನಾಲ್ಕು ಸಂಚಿಕೆಗಳನ್ನು ಒಟ್ಟಿಗೆ ಕೂತು ತಿರುವಿ ಹಾಕಿದರೆ ಮಾತ್ರ ಅದರ ರುಚಿ ಗೊತ್ತಾಗುತ್ತದೆ.

ಮನೆಯ ಹತ್ತಿರದವುಗಳಿಂದಲೇ ಶುರು ಮಾಡಿ. ‘ಕರ್ಮವೀರ’ 1921ರಲ್ಲಿ ಧಾರವಾಡದಲ್ಲಿ ಹುಟ್ಟಿದ ವಾರಪತ್ರಿಕೆ. ‘ಕಸ್ತೂರಿ’ ಮಾಸಿಕ 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾಯಿತು. ಎರಡೂ ‘ಸಂಯುಕ್ತ ಕರ್ನಾಟಕ’ ನಡೆಸುವ ಲೋಕಶಿಕ್ಷಣ ಟ್ರಸ್ಟಿನವು. ಬೆಂಗಳೂರಿನಿಂದ ಬರುವ ‘ಸುಧಾ’ ವಾರಕ್ಕೊಮ್ಮೆ, ‘ಮಯೂರ’ ತಿಂಗಳಿಗೊಮ್ಮೆ. ಎರಡೂ ‘ಪ್ರಜಾವಾಣಿ’ ಬಳಗದವು. ಮಣಿಪಾಲದಿಂದ ‘ತರಂಗ’ ಮತ್ತು ‘ತುಷಾರ’. ವಿಚಾರದ ಕಡೆ ಒಲವಿರುವ ‘ಹೊಸತು’, ‘ಸಮಾಜಮುಖಿ’ಯಂಥ ಮಾಸಿಕಗಳಲ್ಲೂ ಕಥೆ, ಕವಿತೆ ಬರುತ್ತವೆ. ‘ಅಕ್ಷರ ಸಂಗಾತ’ದಂಥ ಸಾಹಿತ್ಯ ಪತ್ರಿಕೆಗಳು ಗಂಭೀರ ಕಥೆ, ಕವಿತೆ ಬರೆಯುವವರಿಗೆ. ಮಕ್ಕಳಿಗೆ ಬರೆಯುವವರು ಧಾರವಾಡದ ‘ಗುಬ್ಬಚ್ಚಿ ಗೂಡು’ ನೋಡಿ. ಇವಲ್ಲದೆ ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿವೆ. ಪುರವಣಿ ಅಂದರೆ ಪತ್ರಿಕೆಯ ಜೊತೆ ಬರುವ ಬಿಡಿ ಪುಟಗಳು. ಕಥೆ, ಕವಿತೆ ಬರುವುದು ಸಾಮಾನ್ಯವಾಗಿ ಅಲ್ಲೇ.

ಹಿರಿಯರು ಹೇಳುವ ಹೆಸರುಗಳ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ಧಾರವಾಡದಲ್ಲಿ ಯಾರನ್ನು ಕೇಳಿದರೂ 1960ರ ದಶಕದಲ್ಲಿ ಅಲ್ಲಿ ಶುರುವಾದ ‘ಸಂಕ್ರಮಣ’ದ ಮಾತು ಬಂದೇ ಬರುತ್ತದೆ. ಚಂಪಾ (ಚಂದ್ರಶೇಖರ ಪಾಟೀಲ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಅವರ ಆ ಸಾಹಿತ್ಯ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದಲೇಬೇಕು, ಅದು ಬೇರೆ ವಿಷಯ. ಆದರೆ ಯಾವ ಪತ್ರಿಕೆಯೇ ಆಗಲಿ, ಕಳೆದ ಎರಡು ಮೂರು ತಿಂಗಳ ಸಂಚಿಕೆಯನ್ನು ಕಣ್ಣಾರೆ ನೋಡದೆ ಏನನ್ನೂ ಕಳಿಸಬೇಡಿ.

ಸಂಚಿಕೆ ಕೈಗೆ ಬಂದ ಮೇಲೆ ಇವನ್ನು ಗುರುತು ಹಾಕಿಕೊಳ್ಳಿ. ಕಥೆ ಎಷ್ಟು ಪುಟ ಇದೆ? ಹೊಸ ಹೆಸರುಗಳು ಕಾಣುತ್ತವೆಯೋ, ಬರೀ ಹೆಸರು ಮಾಡಿದವರೋ? ಹನಿಗವನಗಳು ಯಾವ ಪುಟದಲ್ಲಿವೆ? ಓದುಗರು ಬರೆಯುವ ಅಂಕಣ ಯಾವುದು? ಕೆಳಗೆ ಸಣ್ಣ ಅಕ್ಷರದಲ್ಲಿ “ನೀವೂ ಬರೆಯಿರಿ” ಎಂದೇನಾದರೂ ಇದೆಯೇ?

ವಿಳಾಸ ಹುಡುಕಬೇಕಾದದ್ದು ಪರಿವಿಡಿಯ ಪುಟದಲ್ಲಿ ಅಥವಾ ಕೊನೆಯ ಪುಟದ ಅಡಿಯಲ್ಲಿ. ಸಂಪಾದಕರು, ಪ್ರಕಾಶಕರು, ಮುದ್ರಕರು ಯಾರು ಎನ್ನುವುದನ್ನು ಪತ್ರಿಕೆಗಳು ಅಲ್ಲಿ ಅಚ್ಚು ಹಾಕುತ್ತವೆ. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಮುದ್ರಣಾಲಯದ ವಿಳಾಸಕ್ಕೋ, ಚಂದಾ ವಿಭಾಗದ ಇಮೇಲ್‌ಗೋ ಕಥೆ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಚಂದಾ, ಜಾಹೀರಾತು, ಸಂಪಾದಕೀಯ ಮೂರಕ್ಕೂ ಬೇರೆ ವಿಳಾಸ ಇರಬಹುದು. ನಿಮಗೆ ಬೇಕಾದದ್ದು ಸಂಪಾದಕೀಯ ವಿಭಾಗ. ಪುರವಣಿಗೆ ಪ್ರತ್ಯೇಕ ಇಮೇಲ್ ಇದ್ದರೆ ಅದಕ್ಕೇ ಕಳಿಸಿ.

3. ಜಾಲತಾಣಗಳಲ್ಲಿ ಹುಡುಕುವುದು

ಗೂಗಲ್‌ನಲ್ಲಿ ಸುಮ್ನೆ “ಕನ್ನಡ ಕಥೆ” ಎಂದು ಹಾಕಿದರೆ ಕಥೆಗಳೇ ಬರುತ್ತವೆ, ಕಳಿಸುವ ದಾರಿ ಸಿಗುವುದಿಲ್ಲ. “ಬರಹ ಕಳಿಸಿ”, “ನೀವೂ ಬರೆಯಿರಿ”, “ಬರಹಗಾರರಿಗೆ ಸೂಚನೆ”, “ಕಥೆಗಳಿಗೆ ಆಹ್ವಾನ” ಹೀಗೆ ಹುಡುಕಿ. ಎರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅವೆರಡೂ ಅದೇ ಕ್ರಮದಲ್ಲಿ ಇರುವ ಪುಟಗಳು ಸಿಗುತ್ತವೆ. ಜೊತೆಗೆ ಈ ವರ್ಷವನ್ನೂ ಸೇರಿಸಿ. ಇಲ್ಲದಿದ್ದರೆ ಯಾವತ್ತೋ ಮುಗಿದ ಸ್ಪರ್ಧೆಯ ಪುಟ ಮೇಲೆ ಬಂದು ಕೂತಿರುತ್ತದೆ.

ನೋಡಬೇಕಾದ ತಾಣಗಳು: ಕೆಂಡಸಂಪಿಗೆ, ಅವಧಿ, ಪಂಜು, ನಸುಕು, ಸುರಹೊನ್ನೆ, ಹೊನಲು, ಋತುಮಾನ, ಬುಕ್ ಬ್ರಹ್ಮ. ಇವೆಲ್ಲ ಒಂದೇ ತರ ಇಲ್ಲ. ಸುರಹೊನ್ನೆಯಲ್ಲಿ ಮನೆಮಾತಿನ ಹಗುರ ಬರಹಗಳಿಗೂ ಜಾಗ ಉಂಟು. ಋತುಮಾನದ್ದು ಗಂಭೀರ ಓದು. ಹೊನಲು ತಾಣಕ್ಕೆ ತನ್ನದೇ ಬರವಣಿಗೆಯ ಕ್ರಮ ಇದೆ. ಸಂಸ್ಕೃತ ಪದ ಕಡಿಮೆ, ಮಹಾಪ್ರಾಣದ ಅಕ್ಷರಗಳನ್ನು ಬಳಸುವುದಿಲ್ಲ. ಮಹಾಪ್ರಾಣ ಅಂದರೆ ಖ, ಘ, ಥ, ಧ, ಭ ತರಹದ ಅಕ್ಷರ. ಅಲ್ಲಿಗೆ ಕಳಿಸುವ ಮೊದಲು ನಾಲ್ಕು ಬರಹ ಓದಿ, ಒಪ್ಪಿಗೆಯಾದರೆ ಮಾತ್ರ ಮುಂದುವರಿಯಿರಿ.

ಪ್ರತಿಲಿಪಿಯಂಥ ಆ್ಯಪ್‌ಗಳ ಲೆಕ್ಕ ಬೇರೆ. ಅಲ್ಲಿ ಸಂಪಾದಕರು ಆರಿಸುವುದಿಲ್ಲ, ನೀವೇ ಹಾಕಿಕೊಳ್ಳುತ್ತೀರಿ. ಓದುಗರು ಬೇಗ ಸಿಗುತ್ತಾರೆ, ಬರೆಯುವ ರೂಢಿಯೂ ಬೀಳುತ್ತದೆ. ಆದರೆ ಅಲ್ಲಿ ಹಾಕಿದ್ದು ಪ್ರಕಟವಾದಂತೆಯೇ ಲೆಕ್ಕ. ಇದನ್ನು 7ನೇ ಹಂತದಲ್ಲಿ ಮತ್ತೆ ಹೇಳುತ್ತೇನೆ.

ತಾಣ ಜೀವಂತ ಇದೆಯೇ ಎಂದು ನೋಡಲು ಕೊನೆಯ ಬರಹದ ದಿನಾಂಕ ನೋಡಿದರೆ ಸಾಕು. ಆರು ತಿಂಗಳಿಂದ ಹೊಸದೇನೂ ಇಲ್ಲದಿದ್ದರೆ ಬಿಟ್ಟುಬಿಡಿ.

4. ಸ್ಪರ್ಧೆ ಮತ್ತು ವಿಶೇಷಾಂಕಗಳ ಕಾಲ

ದೀಪಾವಳಿ ವಿಶೇಷಾಂಕಕ್ಕೆ ದೀಪಾವಳಿ ಹೊತ್ತಿಗೆ ಕಥೆ ಕಳಿಸಿದರೆ ಏನು ಉಪಯೋಗ? ಆ ಸಂಚಿಕೆ ತಿಂಗಳುಗಳ ಮೊದಲೇ ತಯಾರಾಗುತ್ತದೆ. ಪ್ರಜಾವಾಣಿಯ ದೀಪಾವಳಿ ಕಥಾ ಮತ್ತು ಕವನ ಸ್ಪರ್ಧೆ, ‘ಉತ್ಥಾನ’ ಮಾಸಿಕದ ವಾರ್ಷಿಕ ಕಥಾಸ್ಪರ್ಧೆ, ಬುಕ್ ಬ್ರಹ್ಮದ ಸ್ವಾತಂತ್ರ್ಯೋತ್ಸವ ಕಥಾ ಸ್ಪರ್ಧೆ ಇವು ಹೆಸರಾದವು. ಶ್ರಾವಣಕ್ಕೆ ಮುಂಚೆಯೇ ಕಣ್ಣಿಟ್ಟಿರಿ. ಯುಗಾದಿ ಸಂಚಿಕೆಗಾದರೆ ಹೊಸ ವರ್ಷದ ಆಸುಪಾಸಿನಿಂದಲೇ.

ನಮ್ಮ ಊರಿನ ಸಂಸ್ಥೆಗಳನ್ನೂ ಮರೆಯಬೇಡಿ. 1890ರಿಂದ ಇರುವ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, ಜಿಲ್ಲಾ ಸಾಹಿತ್ಯ ಪರಿಷತ್ತುಗಳಲ್ಲಿ ದತ್ತಿ ಕಾರ್ಯಕ್ರಮಗಳು ನಡೆಯುತ್ತಿರುತ್ತವೆ. ದತ್ತಿ ಅಂದರೆ ಯಾರೋ ಇಟ್ಟ ಠೇವಣಿಯ ಬಡ್ಡಿಯಿಂದ ವರ್ಷ ವರ್ಷ ನಡೆಸುವ ಕಾರ್ಯಕ್ರಮ. ಅದರಲ್ಲಿ ಕೆಲವು ಸಲ ಕಥೆ, ಕವನಕ್ಕೆ ಬಹುಮಾನವೂ ಇರುತ್ತದೆ. ಇದರ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದ ಸಣ್ಣ ಕಾಲಂನಲ್ಲಿ ಬಂದು ಹೋಗುತ್ತದೆ. ಪತ್ರಿಕೆಯಲ್ಲ ನಿಜ, ಆದರೂ ಹೇಳುತ್ತೇನೆ: 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೂ ಕಥೆ, ಕವಿತೆ ಓದಿಸುತ್ತದೆ. ಓದುವ ದನಿ ಚೆನ್ನಾಗಿದ್ದವರು ವಿಚಾರಿಸಿ ನೋಡಿ.

5. ಅಕ್ಷರದ ತಾಪತ್ರಯ

ಕಥೆ ಚೆನ್ನಾಗಿದ್ದರೂ ಸಂಪಾದಕರ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಯಾರೂ ಓದುವುದಿಲ್ಲ. ಕನ್ನಡ ಟೈಪಿಂಗ್‌ನಲ್ಲಿ ಎರಡು ದಾರಿಗಳಿವೆ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಆಸ್ಕಿ. ಅದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಮಾತ್ರ ಕನ್ನಡದ ರೂಪ ತೋರಿಸುತ್ತದೆ. ಆ ಫಾಂಟ್ ಇಲ್ಲದ ಕಡೆ ಬರೀ ಗೋಜಲು ಕಾಣುತ್ತದೆ. ಎರಡನೆಯದು ಯೂನಿಕೋಡ್. ಇದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇದೆ, ಯಾವ ಫೋನಿನಲ್ಲಾದರೂ ಕಾಣುತ್ತದೆ. ಮೊಬೈಲ್‌ನಲ್ಲಿ ನಾವು ಟೈಪ್ ಮಾಡುವುದು ಯೂನಿಕೋಡ್. ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ.

ನಿಮ್ಮದು ಯಾವುದು ಎಂದು ಗೊತ್ತಿಲ್ಲವೇ? ನಾಲ್ಕು ಸಾಲು ನಕಲು ಮಾಡಿ ವಾಟ್ಸಾಪ್‌ಗೆ ಅಂಟಿಸಿ. ಕನ್ನಡ ಕಂಡರೆ ಯೂನಿಕೋಡ್, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಆಸ್ಕಿ. ಜಾಲತಾಣಗಳಿಗೆ ಯೂನಿಕೋಡ್ ಕಳಿಸಿ. ಮುದ್ರಿತ ಪತ್ರಿಕೆಗಳಲ್ಲಿ ಕೆಲವು ಈಗಲೂ ನುಡಿ ಕೇಳುತ್ತವೆ, ಸೂಚನೆ ಓದಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಪೂರ್ತಿ ಓದಿ. ಅರ್ಕಾವೊತ್ತು, ಒತ್ತಕ್ಷರಗಳು ಜಾಗ ಬಿಟ್ಟು ಓಡಿರುತ್ತವೆ.

ಇನ್ನೊಂದು ಕಣ್ಣಿಗೆ ಕಾಣದ ತಪ್ಪು. ಅನುಸ್ವಾರದ ಬದಲು ಕನ್ನಡದ ಸೊನ್ನೆ, ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತು ಒತ್ತುವುದು. ನೋಡಲು ಒಂದೇ ತರ ಇರುತ್ತದೆ. ಆದರೆ ನಿಮ್ಮ ಕಥೆಯನ್ನು ಮುಂದೆ ಯಾರಾದರೂ ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಬದಲಿಸಿದಾಗ ಅಂಕಿ ಎದ್ದು ಕಾಣುತ್ತದೆ.

ಪಿಡಿಎಫ್ ಒಂದನ್ನೇ ಕಳಿಸಬೇಡಿ, ಅದರಿಂದ ಕನ್ನಡ ನಕಲು ಮಾಡಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ವರ್ಡ್ ಕಡತ ಕಳಿಸಿ. ಕೇಳಿದ್ದರೆ ಮಾತ್ರ ಜೊತೆಗೆ ಪಿಡಿಎಫ್. ಕೈಬರಹದ ಫೋಟೋ ತೆಗೆದು ವಾಟ್ಸಾಪ್ ಮಾಡುವುದಂತೂ ಬೇಡವೇ ಬೇಡ. ಕೈಯಲ್ಲೇ ಬರೆಯುವವರು, ಪತ್ರಿಕೆ ಒಪ್ಪುವುದಾದರೆ, ಹಾಳೆಯ ಒಂದೇ ಮಗ್ಗುಲಲ್ಲಿ ಬಿಡಿಸಿ ಬರೆದು ಅಂಚೆಗೆ ಹಾಕಿ. ನಕಲು ಒಂದನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.

6. ನಮ್ಮ ಮಾತಿನಲ್ಲಿ ಬರೆದ ಕಥೆಗಳು

“ಧಾರವಾಡ ಭಾಷಾದಾಗ ಬರದ್ರ ತಗೋತಾರೇನ್ರಿ?” ತಗೋತಾರೆ. ಕನ್ನಡ ಕಥೆಯಲ್ಲಿ ನಮ್ಮ ಕಡೆಯ ಮಾತಿಗೆ ದೊಡ್ಡ ಜಾಗವೇ ಇದೆ, ಬೆಂಗಳೂರಿನ ಸಂಪಾದಕರಿಗೂ ಅದು ಹೊಸದಲ್ಲ. ತೊಂದರೆ ಆಗುವುದು ಕಲಸುಮೇಲೋಗರ ಮಾಡಿದಾಗ. ಒಂದೇ ಪಾತ್ರ ಒಂದು ಸಾಲಿನಲ್ಲಿ “ಮಾಡಾಕತ್ತೇನಿ” ಅಂದು, ಮುಂದಿನ ಸಾಲಿನಲ್ಲಿ “ಮಾಡ್ಲಿಕ್ಕತ್ತೀನಿ” ಅಂದು, ಆಮೇಲೆ “ಮಾಡ್ತಾ ಇದ್ದೀನಿ” ಅಂದರೆ ಇಲ್ಲಿನ ಓದುಗ ನಗುತ್ತಾನೆ. ಹಳ್ಳಿಯ ರೈತ, ಧಾರವಾಡದ ಮಾಳಮಡ್ಡಿಯ ಮೇಷ್ಟ್ರು, ರಾಣೆಬೆನ್ನೂರಿನ ವ್ಯಾಪಾರಿ ಇವರ ಮಾತು ಒಂದೇ ಅಲ್ಲ ಎಂದು ನಿಮಗೆ ಗೊತ್ತೇ ಇದೆ. ಪಾತ್ರಕ್ಕೊಂದು ಮಾತು ಗೊತ್ತು ಮಾಡಿಕೊಂಡು ಕೊನೆಯವರೆಗೂ ಅದನ್ನೇ ಹಿಡಿಯಿರಿ. “ಐತಿ” ಅಂತ ಶುರು ಮಾಡಿದರೆ ನಡುವೆ “ಅದ” ಎಂದು ಜಾರಬೇಡಿ.

ಕಳಿಸುವ ಪತ್ರದಲ್ಲಿ ಒಂದು ಸಾಲು ಸೇರಿಸಿ: “ಸಂಭಾಷಣೆ ಗದಗ ಕಡೆಯ ಆಡುಮಾತಿನಲ್ಲಿದೆ, ಕಾಗುಣಿತ ಬೇಕೆಂದೇ ಹಾಗಿದೆ.” ಕರಡು ತಿದ್ದುವವರು, ಅಂದರೆ ಅಚ್ಚಿಗೆ ಮುಂಚೆ ತಪ್ಪು ನೋಡುವವರು, ನಿಮ್ಮ “ಬರ್ರಿ”ಯನ್ನು “ಬನ್ನಿ” ಮಾಡದಂತೆ ಇದು ಕಾಪಾಡುತ್ತದೆ.

ಮೊಬೈಲ್‌ಗೆ ಮಾತಾಡಿ ಟೈಪ್ ಮಾಡಿಸುವವರಿಗೆ ಒಂದು ಮಾತು. ನೀವು ನಮ್ಮ ಮಾತಿನಲ್ಲಿ ಹೇಳಿದ್ದನ್ನು ಅದು ಪುಸ್ತಕದ ಕನ್ನಡ ಮಾಡಿಬಿಡಬಹುದು, ಪೂರ್ಣವಿರಾಮಗಳನ್ನೂ ನುಂಗಬಹುದು. ಸಾಲು ಸಾಲು ನೋಡಿ ತಿದ್ದಿ.

7. ಒಂದು ಬರಹ, ಒಂದು ಸಲಕ್ಕೆ ಒಂದೇ ಕಡೆ

ಒಂದೇ ಕಥೆಯನ್ನು ಐದು ಪತ್ರಿಕೆಗೆ ಒಟ್ಟಿಗೆ ಕಳಿಸಬೇಡಿ. ಎರಡು ಕಡೆ ಒಂದೇ ವಾರ ಅಚ್ಚಾದರೆ ಎರಡೂ ಕಡೆ ನಿಮ್ಮ ಹೆಸರು ಕೆಡುತ್ತದೆ. ಇಮೇಲ್‌ನಲ್ಲಿ ಎಲ್ಲ ಪತ್ರಿಕೆಗಳ ವಿಳಾಸ ಒಟ್ಟಿಗೆ ಹಾಕಿ ಕಳಿಸುವವರೂ ಇದ್ದಾರೆ. ಅದು ಎಲ್ಲರಿಗೂ ಕಾಣುತ್ತದೆ.

“ಅಪ್ರಕಟಿತ” ಎಂದು ಕೇಳಿದ್ದರೆ ಫೇಸ್‌ಬುಕ್, ಬ್ಲಾಗ್, ಆ್ಯಪ್, ವಾಟ್ಸಾಪ್ ಸ್ಟೇಟಸ್ ಎಲ್ಲಿಯೂ ಹಾಕಿರಬಾರದು ಎಂದೇ ತಿಳಿಯಿರಿ. ಗೆಳೆಯರಿಗೆ ಓದಿಸಲು ಹಾಕಿದ್ದೆ ಎಂದರೆ ಯಾರೂ ಕೇಳುವುದಿಲ್ಲ. ಲೈಕಿನ ಆಸೆಗೆ ಒಳ್ಳೆಯ ಕಥೆಯನ್ನು ಕಳೆದುಕೊಳ್ಳಬೇಡಿ.

8. ಪತ್ರ ಹೀಗಿರಲಿ

ಇಮೇಲ್‌ನ ವಿಷಯದ ಸಾಲಿನಲ್ಲಿ: ಕಥೆ, ಶೀರ್ಷಿಕೆ, ನಿಮ್ಮ ಹೆಸರು. ಕಡತದ ಹೆಸರೂ ಅದೇ ಇರಲಿ. “ಹೊಸ ಕಡತ 2” ಎಂದು ಬಂದ ಕಡತಗಳು ನೂರಾರು ಇರುತ್ತವೆ. ಒಳಗೆ ಇಷ್ಟು ಸಾಕು:

“ಮಾನ್ಯ ಸಂಪಾದಕರಿಗೆ, ನಮಸ್ಕಾರ. ‘____’ ಎಂಬ ಸಣ್ಣಕಥೆಯನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. 1,150 ಪದಗಳಿವೆ. ಇದು ನನ್ನ ಸ್ವಂತ ಬರಹ, ಅನುವಾದವಲ್ಲ, ಎಲ್ಲಿಯೂ ಪ್ರಕಟವಾಗಿಲ್ಲ, ಬೇರೆ ಕಡೆಗೂ ಕಳಿಸಿಲ್ಲ. ತಮ್ಮ ಪತ್ರಿಕೆಗೆ ಒಪ್ಪಿಗೆಯಾದರೆ ಪ್ರಕಟಿಸಬೇಕೆಂದು ವಿನಂತಿ. ನಾನು ಹಾವೇರಿಯಲ್ಲಿ ಶಿಕ್ಷಕಿ. ವಂದನೆಗಳು.” ಕೆಳಗೆ ಹೆಸರು, ಅಂಚೆ ವಿಳಾಸ, ಫೋನ್.

ಕಥೆಯ ಅರ್ಥ ವಿವರಿಸಬೇಡಿ. ಬಂದ ಪ್ರಶಸ್ತಿಗಳ ಉದ್ದ ಪಟ್ಟಿ ಬೇಡ. “ಪ್ರೋತ್ಸಾಹಿಸಿ” ಎಂದು ಬೇಡಿಕೊಳ್ಳುವುದೂ ಬೇಡ. ಫೋಟೋ ಕೇಳಿದ್ದರೆ ಮಾತ್ರ. ಸ್ಪರ್ಧೆಯಾದರೆ ಕಥೆಯ ಹಾಳೆಗಳ ಮೇಲೆ ಹೆಸರು ಬರೆಯಬಾರದು ಎಂಬ ನಿಯಮ ಇರಬಹುದು. ಹೆಸರು ಕಂಡರೆ ಓದದೆಯೇ ಪಕ್ಕಕ್ಕೆ ಇಡುತ್ತಾರೆ.

9. ಕಾಯುವುದು

ನೋಟ್‌ಬುಕ್ ಈಗ ಕೆಲಸಕ್ಕೆ ಬರುತ್ತದೆ. ಶೀರ್ಷಿಕೆ, ಎಲ್ಲಿಗೆ, ಯಾವ ದಿನ, ಏನಾಯಿತು ಎಂದು ನಾಲ್ಕು ಗೆರೆ ಎಳೆದು ಬರೆದಿಡಿ.

ಉತ್ತರ ಬಾರದಿರುವುದೇ ಜಾಸ್ತಿ. ಅದನ್ನು ಅವಮಾನ ಎಂದುಕೊಳ್ಳಬೇಡಿ, ಬಂದ ಎಲ್ಲದಕ್ಕೂ ಉತ್ತರಿಸುವಷ್ಟು ಜನ ಅಲ್ಲಿರುವುದಿಲ್ಲ. ಸೂಚನೆಯಲ್ಲಿ ಗಡುವು ಹೇಳಿದ್ದರೆ ಅಷ್ಟು, ಇಲ್ಲದಿದ್ದರೆ ಮೂರು ತಿಂಗಳು ಕಾಯಿರಿ. ಆಮೇಲೆ ಒಂದು ಸಣ್ಣ ಇಮೇಲ್ ಬರೆಯಿರಿ: “ಈ ಕಥೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.” ಅದನ್ನು ಕಳಿಸಿದ ಮೇಲೆಯೇ ಬೇರೆ ಕಡೆ ಕಳಿಸಿ. ಸಂಪಾದಕರಿಗೆ ಫೋನ್ ಮಾಡಿ “ನನ್ನ ಕವನ ಏನಾತ್ರಿ” ಎಂದು ಕೇಳುವುದು ಕೆಲಸಕ್ಕೆ ಬಾರದು.

10. ದುಡ್ಡು, ಹಕ್ಕು, ಮೋಸ

ದೊಡ್ಡ ಪತ್ರಿಕೆಗಳು ಗೌರವಧನ ಕೊಡುತ್ತವೆ, ಮೊತ್ತ ದೊಡ್ಡದಿರುವುದಿಲ್ಲ, ಬರಲು ತಿಂಗಳುಗಳು ಹಿಡಿಯಬಹುದು. ಸಾಹಿತ್ಯ ಪತ್ರಿಕೆಗಳು, ಜಾಲತಾಣಗಳು ಬಹುತೇಕ ಏನೂ ಕೊಡುವುದಿಲ್ಲ. ಹಣ ಹಾಕಲು ಖಾತೆ ಸಂಖ್ಯೆ, ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ, ಕೆಲವು ಸಲ ಪ್ಯಾನ್ ಕೇಳುತ್ತಾರೆ. ಒಟಿಪಿ ಮಾತ್ರ ಯಾರೂ ಕೇಳುವಂತಿಲ್ಲ.

ಈಗ ಎಲ್ಲಕ್ಕಿಂತ ಜಾಸ್ತಿ ನಡೆಯುತ್ತಿರುವುದು ಇದು: “ನಿಮ್ಮ ಕವನ ರಾಜ್ಯಮಟ್ಟದ ಸಂಕಲನಕ್ಕೆ ಆಯ್ಕೆಯಾಗಿದೆ. ಇಷ್ಟು ರೂಪಾಯಿ ಕಳಿಸಿದರೆ ಒಂದು ಪ್ರತಿ, ಪ್ರಮಾಣಪತ್ರ, ಶಾಲು.” ಹಣ ಕೊಟ್ಟವರೆಲ್ಲ ಆಯ್ಕೆಯಾಗುವ ಕಡೆ ಆಯ್ಕೆ ಎಂಬುದೇ ಇಲ್ಲ, ಅಲ್ವಾ? ಗೆಳೆಯರು ಸೇರಿ ಖರ್ಚು ಹಂಚಿಕೊಂಡು ಪುಸ್ತಕ ತರುವುದು ಬೇರೆ, ಅದರಲ್ಲಿ ತಪ್ಪಿಲ್ಲ. ಆದರೆ ಪ್ರಶಸ್ತಿಗೆ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಕ್ಕಿನ ವಿಷಯ. ಪತ್ರಿಕೆಯಲ್ಲಿ ಒಂದು ಸಲ ಅಚ್ಚಾದ ಮಾತ್ರಕ್ಕೆ ಕಥೆ ಅವರದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಸಹಿ ಸಮೇತ ಬರಹದಲ್ಲೇ ಆಗಬೇಕು. ಆ ಪತ್ರದಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದು, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ಹಾಗಾಗಿ “ಎಲ್ಲ ಹಕ್ಕುಗಳನ್ನು ಶಾಶ್ವತವಾಗಿ” ಎಂಬ ಮಾತು ಕಂಡರೆ ಸಹಿ ಹಾಕುವ ಮೊದಲು ನಿಲ್ಲಿ. ಆ್ಯಪ್‌ಗಳಲ್ಲಿ “ಒಪ್ಪಿದೆ” ಒತ್ತುವ ಮೊದಲು ಹಕ್ಕಿನ ಭಾಗವನ್ನಾದರೂ ಓದಿ. ಕಥೆ ಮುಂದೆ ನಿಮ್ಮ ಸಂಕಲನಕ್ಕೆ ಬೇಕಾಗುತ್ತದೆ.

11. ಪ್ರಕಟವಾದ ದಿನ

ಎಷ್ಟೋ ಸಲ ಹೇಳದೆಯೇ ಅಚ್ಚಾಗಿಬಿಡುತ್ತದೆ, ಪರಿಚಯದವರು ಫೋನ್ ಮಾಡಿದಾಗಲೇ ಗೊತ್ತಾಗುವುದು. ಅದೇ ದಿನ ಎರಡು ಪ್ರತಿ ಕೊಂಡುಬಿಡಿ, ಮರುದಿನ ಅಂಗಡಿಯಲ್ಲಿ ಸಿಗುವುದಿಲ್ಲ. ಹುಬ್ಬಳ್ಳಿ ಆವೃತ್ತಿಯಲ್ಲಿ ಕಾಣದಿದ್ದರೆ ಇ-ಪೇಪರ್‌ನಲ್ಲಿ ಬೇರೆ ಆವೃತ್ತಿಗಳನ್ನೂ ನೋಡಿ. ಜಾಲತಾಣದಲ್ಲಿ ಬಂದಿದ್ದರೆ ಪುಟವನ್ನು ಪಿಡಿಎಫ್ ಮಾಡಿ ಉಳಿಸಿಕೊಳ್ಳಿ, ತಾಣ ಯಾವಾಗ ಮುಚ್ಚುತ್ತದೋ ಹೇಳಲಾಗದು. ಕತ್ತರಿಸಿಟ್ಟ ಹಾಳೆಯ ಮೇಲೆ ಪತ್ರಿಕೆಯ ಹೆಸರು, ದಿನಾಂಕ, ಪುಟ ಬರೆಯಿರಿ. ಮುಂದೆ ಸಂಕಲನ ತರುವಾಗ ಈ ಮೂರನ್ನೂ ಕೇಳುತ್ತಾರೆ.